ಕಂಬಳಿ ಹೊದ್ದ ಪೀಪಾಯಿ

ಶಿವರಾಮುವಿನ ಮೂಗು ಸತ್ತುಹೋಗಿದೆ ಎಂಬುದು ಕ್ಯಾಲಿಫೋರ್ನಿಯಾದ ಪ್ಲೆಸೆಂಟನ್ನಿನ ಆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ ಎಂದೇ ಅವನು ತಿಳಿದಿದ್ದ. ಆ ದೊಡ್ಡ ಜ್ವರದ ವರ್ಷ ಎಲ್ಲರ ಹಾಗೆ ಅವನೂ ಮಲಗಿದ, ಎಲ್ಲರ ಹಾಗೆ ಎದ್ದ. ಎದ್ದು ನೋಡಿದರೆ ಕಾಫಿ ಬರೀ ಬಿಸಿನೀರು, ಕೊತ್ತಂಬರಿ ಸೊಪ್ಪು ಬರೀ ಹುಲ್ಲು. ಉಪ್ಪು, ಖಾರ ಎರಡು ಮಾತ್ರ ನಾಲಿಗೆಗೆ ತಿರುಗಿ ಬಂದವು. ಹುಳಿ, ಸಿಹಿ, ಘಮ ಯಾವುದೂ ಬರಲಿಲ್ಲ. ಹೆಂಡತಿ ಮೈಥಿಲಿ ಆಸ್ಪತ್ರೆಯಲ್ಲಿ ನರ್ಸು. ಆಗ ಅವಳು ಮನೆಗೆ ಬರುತ್ತಿದ್ದುದೇ ಮುಖದ ತುಂಬ ಮಾಸ್ಕಿನ ಗೆರೆ ಹೊತ್ತುಕೊಂಡು, ಬಿದ್ದಲ್ಲೇ ನಿದ್ದೆಹೋಗಲು. ಒಂದು ದಿನ ವಾಸನೆ ಬಂತಾ ಎಂದು ಕೇಳಿದಳು. ಬರ್ತಾ ಇದೆ ಅಂದುಬಿಟ್ಟ. ಆ ಒಂದು ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಆಮೇಲೆ ಅವನಿಗೆ ಎಡೆಯೇ ಸಿಗಲಿಲ್ಲ.

ಬೇರೆಯವರಿಗಾದರೆ ಊಟದ ಸುಖ ಹೋಯಿತು, ಅಷ್ಟೆ. ಶಿವರಾಮುವಿಗೆ ಹಾಗಲ್ಲ. ಅವನು ಬದುಕಿನಲ್ಲಿ ಬೇಕೆಂದು ಕಲಿತದ್ದು ಒಂದೇ ವಿದ್ಯೆ, ಅದು ಮೂಗಿನ ವಿದ್ಯೆ. ಅದನ್ನು ಕಲಿತದ್ದು ಇಂಗ್ಲೆಂಡಿನಲ್ಲಿ, ಬಸ್ಸು ಓಡಿಸುತ್ತಾ.

ಮೂಲತಃ ಅವನು ಮದ್ದೂರಿನ ಕಡೆಯವನು. ಗ್ಯಾರೇಜಿನಲ್ಲಿ ಲಾರಿ ಬಿಚ್ಚಿ ಜೋಡಿಸಿ ಕೈ ಪಳಗಿತ್ತು. ಮೈಥಿಲಿಗೆ ಡಡ್ಲಿ ಎಂಬ ಊರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದಾಗ ಜೊತೆಗೆ ಹೋದ. ಇಂಗ್ಲೆಂಡಿನ ಆ ಸೀಮೆಗೆ ಬ್ಲ್ಯಾಕ್ ಕಂಟ್ರಿ ಎಂದು ಹೆಸರು. ಹಿಂದೆ ಕಲ್ಲಿದ್ದಲು, ಕಬ್ಬಿಣದ ಕುಲುಮೆ, ಸರಪಳಿ ಬಡಿಯುವವರು ಇದ್ದ ನೆಲ. ಕುಲುಮೆಗಳು ಆರಿಹೋಗಿದ್ದರೂ ಇಟ್ಟಿಗೆಯ ಗೋಡೆಗಳಿಗೆ ಮಸಿ ಹಾಗೇ ಹತ್ತಿತ್ತು. ಅಲ್ಲಿ ಇವನಿಗೆ ಬಸ್ಸಿನ ಸ್ಟಿಯರಿಂಗು ಸಿಕ್ಕಿತು.

ಮೊದಲ ವಾರ ದಾರಿ ತಿಳಿಯಲು ತಿಣುಕಾಡಿದ. ಆಮೇಲೆ ಒಂದು ಗುಟ್ಟು ಹೊಳೆಯಿತು. ಆ ಸೀಮೆಯ ಜನ ನಿಲ್ದಾಣಕ್ಕೆ ರಸ್ತೆಯ ಹೆಸರು ಹೇಳುವುದಿಲ್ಲ, ಪಬ್ಬಿನ ಹೆಸರು ಹೇಳುತ್ತಾರೆ. ಹಳೇ ಹಂಸದ ಹತ್ತಿರ ನಿಲ್ಲಿಸಪ್ಪ, ಕಮ್ಮಾರನ ತೋಳಿನ ತಿರುವಿನಲ್ಲಿ ಇಳೀತೀನಿ ಅನ್ನುತ್ತಾರೆ. ನಮ್ಮ ಕಡೆ ಅರಳಿಕಟ್ಟೆ, ಮಾರಿಗುಡಿ ಅಂದ ಹಾಗೆ. ಹಾಗಾಗಿ ನೆದರ್ಟನ್, ಗಾರ್ನಲ್, ಸೆಜ್ಲಿ, ಟಿಪ್ಟನ್ ಎಲ್ಲವೂ ಅವನ ತಲೆಯಲ್ಲಿ ಪಬ್ಬುಗಳ ಸಾಲಾಗಿ ಕೂತವು. ಕಾಲುವೆ ದಡದಲ್ಲಿ ಒಂದು, ಗುಡ್ಡದ ನೆತ್ತಿಯಲ್ಲಿ ಒಂದು, ಕೊನೆಯ ನಿಲ್ದಾಣದಲ್ಲಿ ತಪ್ಪದೆ ಒಂದು. ಒಳಗೆ ಕಾಲಿಡದೆಯೇ ಅವನಿಗೆ ಇಡೀ ಸೀಮೆಯ ಪಬ್ಬುಗಳು ಬಾಯಿಪಾಠ.

ಅಲ್ಲಿಯತನಕ ಅವನು ಕುಡಿದವನಲ್ಲ. ಒಂದು ಚಳಿಗಾಲ, ಕೊನೆಯ ನಿಲ್ದಾಣದಲ್ಲಿ ಬಸ್ಸು ಕೆಟ್ಟು ಬೇರೆ ಬಸ್ಸು ಬರುವ ತನಕ ಕಾಯಬೇಕಾಯಿತು. ಎದುರಿನ ಪಬ್ಬಿನ ಒಡತಿ ಬಾಗಿಲಿಗೆ ಬಂದು, ಚಳಿಗೆ ಸಾಯಬೇಡ ಬಾ ಎಂದು ಕೈ ಬೀಸಿದಳು. ಹೋದ. ಬಾಗಿಲು ತೆಗೆದದ್ದೇ ತಡ, ಮೂಗಿಗೆ ಬಡಿದ ಘಮಕ್ಕೆ ಕಾಲು ಅಲ್ಲೇ ನಿಂತುಬಿಟ್ಟಿತು. ಅದು ಅವನ ಅವ್ವ ತಾಯಮ್ಮ ಮೊಳಕೆ ರಾಗಿ ಒಣಗಿಸಿ ಹುರಿಯುವಾಗ ಏಳುತ್ತಿದ್ದ ಘಮ. ಅದೇ, ಇನ್ನೊಂದಲ್ಲ. ಕಲ್ಲಿದ್ದಲ ಒಲೆ ಉರಿಯುತ್ತಿತ್ತು, ಇಬ್ಬರು ಮುದುಕರು ಡಾಮಿನೋಸ್ ಆಟದ ಬಿಲ್ಲೆ ಬಡಿಯುತ್ತಿದ್ದರು, ಗಾಜಿನ ಮುಚ್ಚಳದ ಕೆಳಗೆ ಚೀಸು ಈರುಳ್ಳಿ ತುಂಬಿದ ಬನ್ನು. ಇವನು ಒಡತಿಯನ್ನು, ಇಲ್ಲಿ ಏನು ಹುರಿಯುತ್ತಾ ಇದ್ದೀರಿ ಎಂದು ಕೇಳಿದ. ಅವಳು ನಕ್ಕು, ಹುರಿಯೋದು ಏನೂ ಇಲ್ಲ, ಅದು ನೆಲಮಾಳಿಗೆಯ ಪೀಪಾಯಿಯಿಂದ ಬರೋದು ಎಂದಳು.

ಅಲ್ಲಿಂದ ಶುರು. ಡ್ಯೂಟಿ ಮುಗಿದ ಮೇಲೆ ಒಂದೊಂದು ಪಬ್ಬಿಗೆ ಹೋಗಿ ಅರ್ಧ ಲೋಟ ತೆಗೆದುಕೊಂಡು ಕೂರುವುದು. ಕುಡಿಯುವುದಕ್ಕಿಂತ ಮೂಸುವುದೇ ಹೆಚ್ಚು. ಮೈಲ್ಡ್ ಎಂದು ಕರೆಯುವ ಕಪ್ಪು ಏಲ್ ಬಿಯರು ಆ ಸೀಮೆಯ ಮನೆದೇವರು. ಡಿಕಾಕ್ಷನ್ನಿನ ಬಣ್ಣ, ಹೆಚ್ಚು ಮತ್ತಿಲ್ಲ. ಆ ಏಲು ಸತ್ತ ಬಿಯರಲ್ಲ, ಜೀವ ಇರುವಂಥದು. ಪೀಪಾಯಿಯೊಳಗೆ ಕೊನೆತನಕ ಹುದುಗುತ್ತಾ ಇರುತ್ತದೆ. ತಂಪಾದ ನೆಲಮಾಳಿಗೆಯಲ್ಲಿ ಅಲ್ಲಾಡದಂತೆ ಮಲಗಿಸಬೇಕು. ಬೆನ್ನಿನ ತೂತಿಗೆ ಮೆತ್ತನೆಯ ಮರದ ಬಿರಡೆ ಹೊಡೆದು ಉಸಿರಾಡಲು ಬಿಡಬೇಕು. ಬುಸಬುಸ ಅಡಗಿದ ಮೇಲೆ ಗಟ್ಟಿ ಬಿರಡೆ. ಗಷ್ಟು ತಳಕ್ಕಿಳಿದು ಮೇಲೆ ತಿಳಿಯಾಗುವ ತನಕ ಕಾಯಬೇಕು. ಬೇಗ ತೆಗೆದರೆ ಎಳಸು, ತಡವಾದರೆ ಹುಳಿ. ನಡುವೆ ಇರುವುದೇ ಹದ. ಆ ಹದವನ್ನು ಹೇಳುವುದು ಗಡಿಯಾರವಲ್ಲ, ಮೂಗು. ಒಡತಿಯರ ಹಿಂದೆ ನೆಲಮಾಳಿಗೆಗೆ ಇಳಿದು, ಪೀಪಾಯಿ ಹೊತ್ತುಕೊಟ್ಟು, ಬೈಸಿಕೊಂಡು, ಅವನು ಅದನ್ನೆಲ್ಲ ಕಲಿತ. ಜೊತೆಗೆ ಅವರ ಇಂಗ್ಲಿಷನ್ನೂ ಕಲಿತ. ಚೆನ್ನಾಗಿದೆ ಎನ್ನಲು ಅವರು ಬಾಸ್ಟಿನ್ ಅನ್ನುತ್ತಾರೆ, ಹೋಗಿ ಬರ್ತೀನಿ ಎನ್ನಲು ಟರಾ ಎ ಬಿಟ್ ಅನ್ನುತ್ತಾರೆ. ಮದ್ದೂರಿನ ನಾಲಿಗೆಯ ಮೇಲೆ ಡಡ್ಲಿಯ ಮಾತು ಕೂತು ಒಂದು ಹೊಸ ಭಾಷೆಯೇ ಆಯಿತು.

ಮುಂದೆ ಮೈಥಿಲಿಗೆ ಕ್ಯಾಲಿಫೋರ್ನಿಯಾದ ಆಸ್ಪತ್ರೆಯಿಂದ ಕರೆ ಬಂದಾಗ ಇಲ್ಲಿಗೆ ಬಂದರು. ಇಲ್ಲೂ ಅವನಿಗೆ ಸ್ಟಿಯರಿಂಗೇ. ಮೌಂಟನ್ ವ್ಯೂ ರೈಲು ನಿಲ್ದಾಣದಿಂದ ದೊಡ್ಡ ಕಂಪನಿಯ ಕ್ಯಾಂಪಸ್ಸಿಗೆ ಇಂಜಿನಿಯರುಗಳನ್ನು ಕರೆದೊಯ್ಯುವ ಶಟಲ್ ಬಸ್ಸು. ಒಂದು ಬೆಳಿಗ್ಗೆ ನಿಲ್ದಾಣದಲ್ಲಿ ಕ್ಯಾಪು ಹಾಕಿದ ಒಬ್ಬ ಬಿಳಿ ಮುದುಕ ಕೋಲೂರಿಕೊಂಡು ಬಂದು, ಈ ಬಸ್ಸು ಡೌನ್‌ಟೌನಿಗೆ ಹೋಗುತ್ತಾ ಎಂದು ಕೇಳಿದ. ಇದಲ್ಲ ಯಜಮಾನ್ರೇ, ಟರಾ ಎ ಬಿಟ್ ಎಂದು ಇವನು ಬಾಗಿಲು ಹಾಕಿದ. ಮುದುಕ ಬಾಗಿಲ ಗಾಜಿಗೆ ಕೋಲಿನಿಂದ ಬಡಿದ. ಬಾಗಿಲು ತೆಗೆದರೆ ಅವನ ಕಣ್ಣಲ್ಲಿ ನೀರು. ಹೆಸರು ಕ್ಲೈವ್. ಟಿಪ್ಟನ್ನಿನವನು. ಯಾವ ಕಾಲದಲ್ಲೋ ಸನಿವೇಲಿನ ಕಾರ್ಖಾನೆಗೆ ಅಚ್ಚು ಕೊರೆಯುವ ಕೆಲಸಕ್ಕೆ ಬಂದವನು, ಹೆಂಡತಿ ತೀರಿದ ಮೇಲೆ ಒಂಟಿ. ಆ ಮಾತು ಕಿವಿಗೆ ಬಿದ್ದು ಎಷ್ಟೋ ವರ್ಷವಾಗಿತ್ತಂತೆ.

ಅಂದಿನಿಂದ ಇಬ್ಬರೂ ರಜೆ ಸಿಕ್ಕಾಗ ಪೀಪಾಯಿ ಏಲು ಹುಡುಕುತ್ತಾ ಹೊರಟರು. ಸ್ಯಾನ್ ಫ್ರಾನ್ಸಿಸ್ಕೋ, ಬರ್ಕ್ಲಿ, ಓಕ್ಲೆಂಡ್, ಲಾಸ್ ಗ್ಯಾಟೋಸಿನ ಬೆಟ್ಟದ ಬುಡ. ಪಬ್ಬು ಎಂದು ಬೋರ್ಡು ಇರುತ್ತಿತ್ತು, ಗೋಡೆಗೆ ಕೆಂಪು ಟೆಲಿಫೋನ್ ಡಬ್ಬಿಯ ಚಿತ್ರವೂ ಇರುತ್ತಿತ್ತು. ಲೋಟ ಮಾತ್ರ ಐಸಿನಂತೆ ಕೊರೆಯುತ್ತಿತ್ತು. ಇದು ನೆಲ ನಡುಗುವ ಊರು, ನೆಲಮಾಳಿಗೆ ತೋಡುವವರು ಯಾರು? ಆದರೂ ಎಲ್ಲೋ ಒಂದೆರಡು ಕಡೆ ಹಿಂದಿನ ಕೋಣೆಯಲ್ಲಿ ನಿಜವಾದ ಪೀಪಾಯಿ ಮಲಗಿರುತ್ತಿತ್ತು.

ಕ್ಲೈವನಿಗೆ ಒಂದು ಕ್ರಮ ಇತ್ತು. ಏಲು ಕೆಟ್ಟಿದ್ದರೆ ಕೆಟ್ಟಿದೆ ಎಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅರ್ಧ ಲೋಟ ಹಾಗೇ ಬಿಟ್ಟು ಕ್ಯಾಪು ತಲೆಗೇರಿಸಿ ಎದ್ದುಬಿಡುತ್ತಿದ್ದ. ಪರವಾಗಿಲ್ಲ ಅನ್ನಿಸಿದರೆ ನಡೆಯುತ್ತೆ ಅನ್ನುತ್ತಿದ್ದ, ಕುಡಿದು ಮುಗಿಸಿ ಬರಿ ಲೋಟವನ್ನು ಮೇಜಿನ ಅಂಚಿಗೆ ತಳ್ಳುತ್ತಿದ್ದ, ಇನ್ನೊಂದು ಎಂದು. ಬಾಸ್ಟಿನ್ ಎಂಬ ಮಾತನ್ನು ಮಾತ್ರ ಚಿನ್ನದ ಹಾಗೆ ಬಚ್ಚಿಟ್ಟುಕೊಂಡಿದ್ದ. ಈ ದೇಶದಲ್ಲಿ ಅದನ್ನು ಅವನು ಅಂದದ್ದು ಎರಡೇ ಸಲ.

ಜ್ವರದಲ್ಲಿ ಮೂಗು ಹೋದ ಮೇಲೆ ಶಿವರಾಮು ಅವನಿಗೆ ಹೇಳಬೇಕೆಂದು ಹೊರಟ. ಅಷ್ಟರಲ್ಲಿ ಕ್ಲೈವನೇ, ನನ್ನ ಕಣ್ಣು ಮಂಜಾಯಿತು, ಕಾಲು ಸೋತಿತು, ಸದ್ಯ ನಿನ್ನ ಮೂಗಿದೆಯಲ್ಲ ಎಂದ. ಬಾಯಿಗೆ ಬಂದದ್ದು ಒಳಕ್ಕೆ ಹೋಯಿತು. ಅಂದಿನಿಂದ ಇವನು ಕ್ಲೈವನ ಮುಖ ನೋಡಿ ತನ್ನ ಮುಖ ಮಾಡಿಕೊಳ್ಳುತ್ತಿದ್ದ. ಅವನ ಹುಬ್ಬು ಎದ್ದರೆ ಇವನು ತಲೆದೂಗುವುದು, ಅವನ ತುಟಿ ಬಿಗಿದರೆ ಇವನು ಲೋಟ ಕೆಳಗಿಡುವುದು. ಪ್ರತಿ ಸಲವೂ ಸಿಕ್ಕಿಬೀಳುತ್ತೇನೆ ಎಂಬ ಅಂಜಿಕೆ.

ಹೋದ ಬೇಸಿಗೆಯಲ್ಲಿ ಕ್ಲೈವನಿಗೆ ಲಕ್ವ ಹೊಡೆಯಿತು. ಎಡಗಡೆ ಬಿತ್ತು, ಅರ್ಧ ಮುಖ ಮರಗಟ್ಟಿತು, ಮಾತು ತೊದಲಾಯಿತು. ಟಿಪ್ಟನ್ನಿನಿಂದ ಅವನ ತಂಗಿಯ ಮಗಳು ಬಂದಳು, ಊರಿಗೇ ಕರೆದುಕೊಂಡು ಹೋಗುತ್ತೇನೆ ಎಂದಳು. ಸೋಮವಾರದ ವಿಮಾನ. ಶುಶ್ರೂಷಾಲಯದಲ್ಲಿ ನೋಡಲು ಹೋದಾಗ ಕ್ಲೈವ್ ಇವನ ಕೈ ಹಿಡಿದು ಒಂದೊಂದೇ ಮಾತು ಜೋಡಿಸಿ ಹೇಳಿದ. ಊರಿಗೆ ಹೋದರೆ ಆಸ್ಪತ್ರೆ, ಅಲ್ಲಿಂದ ಮತ್ತೆ ಹಾಸಿಗೆ. ಪಬ್ಬಿನ ಮೆಟ್ಟಿಲು ಹತ್ತುವ ದಿನ ಮುಗಿಯಿತು. ಹೋಗುವ ಮೊದಲು ಪೀಪಾಯಿಯಿಂದ ಬಗ್ಗಿಸಿದ ಒಂದು ಲೋಟ ಮೈಲ್ಡ್ ಬೇಕು, ಅದನ್ನು ನೀನೇ ಹದ ಮಾಡಿರಬೇಕು.

ಆಗಲಿ ಎಂದ ಶಿವರಾಮು. ಅಂದ ಮೇಲೆ ಶುಶ್ರೂಷಾಲಯದ ಪಾರ್ಕಿಂಗಿನಲ್ಲಿ ಕಾರಿನೊಳಗೆ ಬಹಳ ಹೊತ್ತು ಕೂತಿದ್ದ. ಜೀವಮಾನದಲ್ಲಿ ಒಬ್ಬನೇ ಹದ ನೋಡಬೇಕಾದ ದಿನ ಬಂದಾಗ ನೋಡುವ ಮೂಗೇ ಇಲ್ಲ. ಕೊನೆಯ ಲೋಟ ಹುಳಿಯಾಗಿದ್ದರೆ? ಆ ಮುದುಕ ಕ್ಯಾಪು ತಲೆಗೇರಿಸಿ ಎದ್ದರೆ?

ಹೇವರ್ಡಿನ ಒಬ್ಬ ಸಣ್ಣ ಬಿಯರು ತಯಾರಕನ ಹತ್ತಿರ ಹೋಗಿ ಮೈಲ್ಡ್ ತುಂಬಿದ ಪುಟ್ಟ ಪೀಪಾಯಿ ತಂದ. ಮನೆಯ ಗ್ಯಾರೇಜಿನಿಂದ ಕಾರು ಹೊರಹಾಕಿ, ಮರದ ತೊಟ್ಟಿಲು ಮಾಡಿ, ಪೀಪಾಯಿ ಮಲಗಿಸಿ ಎರಡೂ ಕಡೆ ಬೆಣೆ ಕೊಟ್ಟ. ಸೆಪ್ಟೆಂಬರಿನ ಪ್ಲೆಸೆಂಟನ್ನು ಕಾದ ಹಂಚು. ತಂಪಿರಲಿ ಎಂದು ಉರುಳುವ ಏಸಿ ಒಂದನ್ನು ತಂದು ಹಚ್ಚಿದ, ಪೀಪಾಯಿಗೆ ಒದ್ದೆ ಗೋಣಿ ಹೊದಿಸಿದ. ಮೆತ್ತನೆಯ ಬಿರಡೆ ಹೊಡೆದ. ಬುಸ್ ಎಂದಿತು. ಅಲ್ಲಿಂದ ಶುರುವಾಯಿತು ನೋಡಿ ಅವನ ಪಾಡು. ಊಟದ ನಡುವೆ ಎದ್ದು ಹೋಗಿ ಗೋಣಿ ಮುಟ್ಟಿ ಬರುವುದು, ಶಟಲ್ ಓಡಿಸುವಾಗ ಸಿಗ್ನಲ್ಲಿನಲ್ಲಿ ನಿಂತರೆ ಪೀಪಾಯಿಯದೇ ಯೋಚನೆ, ಫ್ರೀವೇಯಲ್ಲಿ ಎಕ್ಸಿಟ್ಟು ತಪ್ಪಿಸಿ ಇಂಜಿನಿಯರುಗಳ ಮೀಟಿಂಗು ತಡ ಮಾಡಿದ್ದೂ ಆಯಿತು. ಮಗಳು ನಿಸರ್ಗಾ, ಡ್ಯಾಡ್, ಇಟ್ಸ್ ಜಸ್ಟ್ ಬಿಯರ್ ಎಂದಳು. ಅವನು ಗೋಣಿ ನೆನೆಸಲು ಎದ್ದು ಹೋದ.

ಮನೆಯಲ್ಲಿ ಇನ್ನೊಬ್ಬರಿದ್ದರು, ತಾಯಮ್ಮ. ಮಗನ ಮನೆಯಲ್ಲೇ ನೆಲೆನಿಂತ ಮುದುಕಿ. ಗ್ಯಾರೇಜಿನಲ್ಲಿ ಏನಿದೆ ಎಂದು ತಿಳಿದ ದಿನದಿಂದ ಆಕೆ ಆ ಬಾಗಿಲಿನ ಕಡೆ ತಲೆ ಹಾಕದೆ, ಬಟ್ಟೆ ಒಗೆಯುವ ಮಿಷನ್ನಿಗೂ ಅಂಗಳ ಸುತ್ತಿ ಹೋಗುತ್ತಿದ್ದಳು. ಸುತ್ತಿ ಹೋದರೂ ಕಿವಿ ಬಿಟ್ಟುಕೊಡುತ್ತದೆಯೇ? ಪೀಪಾಯಿಯ ಬುಸಬುಸ ಕೇಳುತ್ತಿತ್ತು. ತಾಯಮ್ಮನಿಗೆ ಈ ದೇಶದಲ್ಲಿ ಇದ್ದ ಒಂದೇ ಹಗೆ ಚಳಿ. ಇಡ್ಲಿ ಹಿಟ್ಟು ಉಬ್ಬಿಸಲು ಆಕೆ ಪಡುತ್ತಿದ್ದ ಪಾಡು ಅಷ್ಟಿಷ್ಟಲ್ಲ. ಒವನ್ನಿನ ದೀಪ ಹಾಕಿ ಒಳಗಿಡುವುದು, ಊರಿನಿಂದ ತಂದ ಕರಿ ಕಂಬಳಿಯನ್ನು ಪಾತ್ರೆಗೆ ಸುತ್ತುವುದು, ಬೆಳಿಗ್ಗೆ ಮುಚ್ಚಳ ತೆಗೆದು ಹಿಟ್ಟು ಉಕ್ಕಿದ್ದು ಕಂಡರೆ ಆ ದಿನವೆಲ್ಲ ಮುಖ ಅರಳಿರುವುದು. ಹುದುಗುವುದನ್ನು ಬೆಚ್ಚಗಿಡಬೇಕು. ಆಕೆಗೆ ಅದಕ್ಕಿಂತ ದೊಡ್ಡ ಧರ್ಮ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಶಿವರಾಮು ಎದ್ದಾಗ ಮನೆ ಸದ್ದಿಲ್ಲದೆ ಇತ್ತು. ಮೈಥಿಲಿ ಡ್ಯೂಟಿಗೆ ಹೋಗಿದ್ದಳು. ಆ ಸದ್ದಿಲ್ಲದಿರುವುದೇ ಅವನನ್ನು ಚುಚ್ಚಿತು, ಯಾಕೆಂದರೆ ಏಸಿಯ ಗುಂಯ್ಗುಡುವಿಕೆ ಕೇಳುತ್ತಿರಲಿಲ್ಲ. ಗ್ಯಾರೇಜಿನ ಬಾಗಿಲು ತೆಗೆದ. ಏಸಿಯ ವೈರು ಗೋಡೆಯಿಂದ ಕಿತ್ತು ನೀಟಾಗಿ ಸುರುಳಿ ಸುತ್ತಿಟ್ಟಿತ್ತು. ಗೋಣಿಗಳು ಮೂಲೆಯಲ್ಲಿ ಒಣಗಲು ಹರವಿಕೊಂಡಿದ್ದವು. ಪೀಪಾಯಿ ಕರಿ ಕಂಬಳಿ ಹೊದ್ದು, ಚಳಿಗೆ ಮುದುಡಿ ಮಲಗಿದ ಮನುಷ್ಯನ ಹಾಗೆ ಮಲಗಿತ್ತು. ಬಿರಡೆಯ ಜಾಗದಲ್ಲಿ ಕಂಬಳಿ ನೆನೆದು ಕಂದು ನೊರೆ ಕಾರುತ್ತಿತ್ತು.

ಕಂಬಳಿ ಎತ್ತಿ ಕೈಯಿಟ್ಟ. ಎಳೆ ಕರುವಿನ ಹೊಟ್ಟೆಯಂತೆ ಬೆಚ್ಚಗಿತ್ತು.

ತಾಯಮ್ಮ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ಬಂದು ನಿಂತಳು. ಹೊಸ್ತಿಲು ದಾಟಲಿಲ್ಲ.

"ಏನ್ಲಾ ಹಂಗ್ ನಿಂತ್ಕಂಡೆ? ಬೆಚ್ಗಾಗದಾ?"

"ಅವ್ವಾ, ಇದ್ನ ಯಾಕ್ ಮಾಡ್ದೆ?"

"ಇನ್ನೇನ್ ಮಾಡ್ಲಿ? ಮೂರ್ ದಿನದಿಂದ ಬುಸ್ ಬುಸ್ ಅಂತ ಉಸ್ರು ಬುಡ್ತಾ ಅದೆ, ನೀನು ಅದರ್ ಮೇಲೆ ಒದ್ದೆ ಗೋಣಿ ಹಾಕಿ ತಣ್ಣನ್ ಗಾಳಿ ಬುಟ್ಟಿದ್ದೀಯ. ಹುದ್ಗೋ ವಸ್ತೂನ ಹಂಗ್ ಸಾಯಿಸ್ತಾರ? ಕುಡಿಯೋ ಹೆಂಡ ಆದ್ರೂ ಆಗ್ಲಿ, ಜೀವ ಜೀವಾನೇ ಅಲ್ವಾ. ಅದ್ಕೆ ರಾತ್ರಿ ಮಲಗೋ ಮುಂಚೆ ಮೂಗ್ ಮುಚ್ಕಂಡ್ ಒಳೀಕೋಗಿ ಹೊದ್ಸಿ ಬಂದೆ."

ಬೈಯಲು ಬಾಯಿ ತೆರೆದವನು ಮುಚ್ಚಿಕೊಂಡ. ಹಿಟ್ಟಿಗೆ ಸುತ್ತದ ರಾತ್ರಿಗಳಲ್ಲಿ ಅದು ಆಕೆ ತನ್ನ ಮಂಡಿಗೆ ಹೊದೆಯುವ ಕಂಬಳಿ. ಅದನ್ನು ಬಿಟ್ಟು ಆಕೆ ರಾತ್ರಿ ಹೇಗೆ ಮಲಗಿದಳೋ.

ಓಡಾಡಿ ಫ್ರಿಜ್ಜಿನಲ್ಲಿದ್ದ ಐಸನ್ನೆಲ್ಲ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಪೀಪಾಯಿಯ ಮೇಲೆ ಸಾಲಾಗಿ ಪೇರಿಸಿದ. ಗೋಣಿ ಮತ್ತೆ ನೆನೆಸಿದ, ಏಸಿ ಹಚ್ಚಿದ. ನೊರೆ ನಿಧಾನಕ್ಕೆ ಇಳಿಯಿತು. ಗಟ್ಟಿ ಬಿರಡೆ ಹೊಡೆಯಲೋ ಬೇಡವೋ ಎಂದು ಸುತ್ತಿಗೆ ಹಿಡಿದು ನಿಂತ, ಇಟ್ಟ, ಮತ್ತೆ ಹಿಡಿದ. ಕೊನೆಗೆ ಪೀಪಾಯಿಯ ನಲ್ಲಿಯಿಂದ ಗುಟುಕಿನಷ್ಟು ಲೋಟಕ್ಕೆ ಬಿಟ್ಟು ಬೆಳಕಿಗೆ ಹಿಡಿದ. ಮಬ್ಬು. ಅಕ್ಕಿ ತೊಳೆದ ನೀರಿಗೆ ಡಿಕಾಕ್ಷನ್ನು ಹುಯ್ದಂತೆ. ಮಬ್ಬಾದರೂ ಚಿಂತೆಯಿಲ್ಲ, ಕೆಡದೆ ಇದ್ದರೆ ಸಾಕು. ಬಿಸಿಗೆ ಹುಳಿಯಾಗಿದ್ದರೆ ಮುಗಿಯಿತು. ಮೂಗಿನ ಹತ್ತಿರ ತಂದ. ಗೋಡೆ ಮೂಸಿದ ಹಾಗೆ. ನಾಲಿಗೆಗೆ ಹಚ್ಚಿದ. ನೀರು.

ನಿಸರ್ಗಾ ಆಗಲೇ ಕ್ಲೈವನನ್ನು ಕರೆತರಲು ಕಾರು ತೆಗೆದುಕೊಂಡು ಹೋಗಿದ್ದಳು. ಮೈಥಿಲಿ ಬರುವುದು ಸಂಜೆಗೆ. ಅಕ್ಕಪಕ್ಕದವರನ್ನು ಕರೆದು, ಸ್ವಲ್ಪ ಮೂಸಿ ನೋಡಿ ಅನ್ನಲಾದೀತೆ? ಮನೆಯಲ್ಲಿ ಉಳಿದದ್ದು ಒಂದೇ ಮೂಗು. ಅದು ಹೊಸ್ತಿಲಾಚೆ ನಿಂತಿತ್ತು.

"ಅವ್ವಾ, ಇದನ್ನೊಂದು ವಸಿ ಮೂಸಿ ಹೇಳು."

ತಾಯಮ್ಮ ಎರಡು ಹೆಜ್ಜೆ ಹಿಂದಕ್ಕೆ ಹೋದಳು. ನಾನಾ, ಎಂದಳು. ಆಮೇಲೆ ಮಗನ ಮುಖವನ್ನು ದಿಟ್ಟಿಸಿದಳು. ಅವನು ತಲೆ ಬಗ್ಗಿಸಿದ.

"ಇನ್ನೂ ಬಂದಿಲ್ವಾ ನಿಂಗೆ?"

ಉತ್ತರಕ್ಕೆ ಕಾಯದೆ ಆಕೆಯೇ ಹೇಳಿದಳು. ಹೋದ ವರ್ಷ ಒಗ್ಗರಣೆ ಸೀದು ಮನೆಯೆಲ್ಲ ಹೊಗೆಯಾದಾಗ ಅವನು ಪಕ್ಕದಲ್ಲೇ ಕೂತು ಫೋನು ನೋಡುತ್ತಿದ್ದನಂತೆ. ಹಳಸಿದ ಸಾರನ್ನು ಎರಡು ಸಲ ಹಾಕಿಸಿಕೊಂಡು ಉಂಡನಂತೆ. ಅವತ್ತೇ ಆಕೆಗೆ ತಿಳಿಯಿತು. ನೀನಾಗೇ ಹೇಳ್ತೀಯೇನೋ ಅಂತ ಕಾದೆ, ಹೇಳ್ಲಿಲ್ಲ, ಅವತ್ತಿಂದ ನಾನೇ ಮೊದ್ಲು ಮೂಸಿ ನಿಂಗೆ ಬಡುಸ್ತಾ ಇವ್ನಿ ಎಂದಳು.

ಆಮೇಲೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ದೇವರ ಫೋಟೋಗಳಿದ್ದ ಗೋಡೆಗೆ ಬೆನ್ನು ಮಾಡಿ, ಹೊಸ್ತಿಲು ದಾಟಿ ಬಂದು ಲೋಟ ತೆಗೆದುಕೊಂಡಳು. ಕಣ್ಣು ಮುಚ್ಚಿ ಮೂಸಿದಳು. ಮುಖ ಅರಳಿತು.

"ಸಂದಾಗಿ ಹುಳಿ ಬಂದದೆ ಬುಡು."

ಲೋಟ ಅವನ ಕೈಗೆ ಕೊಟ್ಟು, ಕಂಬಳಿ ಎತ್ತಿಕೊಂಡು, ಗೆದ್ದವಳ ನಡೆಯಲ್ಲಿ ಅಡುಗೆಮನೆಗೆ ಹೋದಳು.

ಶಿವರಾಮು ಅಲ್ಲೇ ನೆಲದ ಮೇಲೆ ಕೂತ. ಹುಳಿ ಬಂದಿದೆ. ಡಡ್ಲಿಯ ನೆಲಮಾಳಿಗೆಗಳಲ್ಲಿ ಆ ಮಾತಿಗೆ ಒಂದೇ ಅರ್ಥ, ಚರಂಡಿಗೆ ಸುರಿ. ಅವನಿಗೆ ಆ ಹೊತ್ತಿನಲ್ಲಿ ಬೇರೆ ಅರ್ಥ ಹೊಳೆಯಲಿಲ್ಲ. ಆಕೆಯನ್ನು ಇನ್ನೊಮ್ಮೆ ಕರೆದು ಕೇಳುವ ಧೈರ್ಯವೂ ಇರಲಿಲ್ಲ. ಕೇಳಿದರೆ ನಿನ್ನ ಕಂಬಳಿಯೇ ಕೆಡಿಸಿತು ಎಂದು ಹೇಳಬೇಕಾಗುತ್ತಿತ್ತು. ಇನ್ನೊಂದು ಪೀಪಾಯಿ ತರೋಣ ಎಂದರೆ ಅದು ತಿಳಿಯಾಗಲು ದಿನಗಳು ಬೇಕು. ಬಾಟಲಿಯ ಬಿಯರು ತಂದು ಲೋಟಕ್ಕೆ ಹುಯ್ದರೆ ಆ ಮುದುಕ ಕಣ್ಣು ಮುಚ್ಚಿದ್ದರೂ ಕಂಡುಹಿಡಿದಾನು. ಚೆಲ್ಲಿಬಿಡಲೇ? ಚೆಲ್ಲಿ, ಉರುಳಿಬಿತ್ತು ಎನ್ನಲೇ? ಬೆಣೆಯ ಮೇಲೆ ಕೈಯಿಟ್ಟ. ತೆಗೆದ. ಮತ್ತೆ ಇಟ್ಟ. ಗ್ಯಾರೇಜಿನ ನಡುವೆ ಎರಡು ಕುರ್ಚಿ, ಸಣ್ಣ ಮೇಜು, ಡಾಮಿನೋಸಿನ ಡಬ್ಬಿ, ತಟ್ಟೆಯಲ್ಲಿ ಚೀಸು ಈರುಳ್ಳಿಯ ಬನ್ನು ಎಲ್ಲ ಜೋಡಿಸಿಟ್ಟದ್ದು ಅವನನ್ನೇ ನೋಡುತ್ತಿತ್ತು. ಏಸಿ ಗುಂಯ್ಗುಡುತ್ತಿತ್ತು, ಅಡುಗೆಮನೆಯಿಂದ ತಾಯಮ್ಮ ಪಾತ್ರೆ ಸದ್ದು ಮಾಡುತ್ತಿದ್ದಳು. ಹಾಗೆ ಕೂತಿದ್ದಾಗಲೇ ಕಾರು ಬಂದು ನಿಂತಿತು.

ಕ್ಲೈವನನ್ನು ಒಂದು ಕಡೆ ನಿಸರ್ಗಾ, ಇನ್ನೊಂದು ಕಡೆ ಶಿವರಾಮು ಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸಿದರು. ತಲೆಗೆ ಕ್ಯಾಪು, ಕೊರಳಿಗೆ ಟೈ. ಹಬ್ಬಕ್ಕೆ ಬಂದವನ ಹಾಗೆ ಬಂದಿದ್ದ. ಗ್ಯಾರೇಜನ್ನು ಸುತ್ತ ನೋಡಿದ, ಗೋಣಿ ಹೊದ್ದ ಪೀಪಾಯಿಯನ್ನು ನೋಡಿದ. ಬಲಗೈಯ ಬೆರಳು ಮೇಜಿನ ಮೇಲೆ ಕುಣಿಯಿತು. ಶಿವರಾಮು ಅವನ ಮುಖ ನೋಡಿದ. ಇಷ್ಟು ವರ್ಷ ಓದಿಕೊಂಡು ಬಂದ ಮುಖ ಈಗ ಅರ್ಧ ಮರ. ಹುಬ್ಬು ಏಳುವುದಿಲ್ಲ, ತುಟಿ ಬಿಗಿಯುವುದಿಲ್ಲ. ನಕಲು ಮಾಡಲು ಏನೂ ಉಳಿದಿರಲಿಲ್ಲ.

ಆಗ ಅವನು ಎದುರಿನ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಹೇಳಿಬಿಟ್ಟ. ಜ್ವರದಲ್ಲಿ ಮೂಗು ಹೋದದ್ದು, ಅಲ್ಲಿಂದ ಇಲ್ಲಿಯತನಕ ಪ್ರತಿ ಲೋಟಕ್ಕೂ ನಿನ್ನ ಮುಖ ನೋಡಿ ತಲೆಯಾಡಿಸಿದ್ದು, ರಾತ್ರಿ ಪೀಪಾಯಿ ಬೆಚ್ಚಗಾದದ್ದು, ಅದು ಹುಳಿಯಾಗಿದೆ ಎಂದು ಅವ್ವ ಹೇಳಿದ್ದು. ಡಡ್ಲಿಯ ಮಾತಿನಲ್ಲೇ ಹೇಳಿದ, ಅದರಲ್ಲಿ ಹೇಳುವುದು ಸ್ವಲ್ಪ ಸುಲಭವಾಯಿತು. ಕೊನೆಗೆ, ನಿನಗೆ ಕೊಡುವಂಥದು ನನ್ನ ಹತ್ತಿರ ಏನೂ ಇಲ್ಲ, ಕ್ಷಮಿಸು ಎಂದ.

ಕ್ಲೈವ್ ಬೆರಳೆತ್ತಿ ನಲ್ಲಿಯ ಕಡೆ ತೋರಿಸಿದ.

ಶಿವರಾಮು ಒಂದು ಲೋಟ ಬಗ್ಗಿಸಿದ. ಬೆಳಗಿನಷ್ಟು ಮಬ್ಬಿರಲಿಲ್ಲ, ಪೂರ್ತಿ ತಿಳಿಯೂ ಇರಲಿಲ್ಲ. ಕ್ಲೈವ್ ಬಲಗೈಯಲ್ಲಿ ಎತ್ತಿ ಮೂಗಿನ ಕೆಳಗೆ ಹಿಡಿದುಕೊಂಡ. ಕುಡಿದ. ತುಟಿಯ ಎಡ ಅಂಚಿನಿಂದ ಸ್ವಲ್ಪ ಇಳಿಯಿತು, ನಿಸರ್ಗಾ ಒರೆಸಿದಳು. ಮುಖದಲ್ಲಿ ಏನೂ ಇಲ್ಲ. ಲೋಟ ಕೆಳಗಿಟ್ಟ. ಅವನ ಕೈ ಕ್ಯಾಪಿನ ಕಡೆ ಹೋಯಿತು.

ಹೊರಟ, ಅಂದುಕೊಂಡ ಶಿವರಾಮು.

ಕ್ಲೈವ್ ಕ್ಯಾಪನ್ನು ತೆಗೆದು ಮಂಡಿಯ ಮೇಲಿಟ್ಟುಕೊಂಡ. ಮತ್ತೆ ಲೋಟ ಎತ್ತಿದ. ನಿಧಾನಕ್ಕೆ, ಒಂದೊಂದೇ ಗುಟುಕು, ಯಾರ ಮುಖವನ್ನೂ ನೋಡದೆ, ತಳ ಕಾಣುವ ತನಕ ಕುಡಿದ. ಆಮೇಲೆ ನಡೆಯುತ್ತೆ ಎಂದ. ತೊದಲುತ್ತಾ, ಬೆಚ್ಚಗಿದೆ, ಮಬ್ಬಿದೆ, ಆದರೂ ನಡೆಯುತ್ತೆ.

"ಹುಳಿ ಇಲ್ವಾ?" ಎಂದು ಶಿವರಾಮು ಕೇಳಿದ.

ಕ್ಲೈವ್ ಇಲ್ಲ ಎಂದು ತಲೆಯಾಡಿಸಿದ.

ಬಾಸ್ಟಿನ್ ಅನ್ನಲಿಲ್ಲ. ಶಿವರಾಮುವಿನ ಎದೆ ಹಗುರಾದದ್ದು ಅದಕ್ಕೇ. ಆ ಮಾತು ಅಂದುಬಿಟ್ಟಿದ್ದರೆ ಮುದುಕ ಮನಸ್ಸು ನೋಯಿಸಬಾರದೆಂದು ಸುಳ್ಳು ಹೇಳುತ್ತಿದ್ದಾನೆ ಎಂದು ತಿಳಿಯುತ್ತಿತ್ತು. ಕ್ಲೈವ್ ಬರಿ ಲೋಟವನ್ನು ಒಂದು ಬೆರಳಿನಿಂದ ಮೇಜಿನ ಅಂಚಿಗೆ ತಳ್ಳಿದ.

ಶಿವರಾಮು ಲೋಟ ಹಿಡಿದು ಅಡುಗೆಮನೆಯ ಬಾಗಿಲಿಗೆ ಹೋದ. ತಾಯಮ್ಮ ಕಂಬಳಿಯ ಕಲೆಯನ್ನು ಸಿಂಕಿನಲ್ಲಿ ಉಜ್ಜುತ್ತಿದ್ದಳು.

"ಅವ್ವಾ, ಹುಳಿ ಬಂದದೆ ಅಂದ್ಯಲ್ಲ?"

"ಹೂಂ, ಅಂದೆ. ಹಳಸೋಗದೆ ಅಂದ್ನಾ? ದೋಸೆ ಹಿಟ್ಟು ಹುಳಿ ಬಂತು ಅಂದ್ರೆ ತಕ್ಕೊಂಡೋಗಿ ಚೆಲ್ತೀಯ, ಕಾವಲಿ ಇಡ್ತೀಯ? ಎಷ್ಟ್ ದೇಶ ತಿರ್ಗಿದ್ರೂ ಅಷ್ಟ್ ಗೊತ್ತಾಗ್ದಾ ನಿಂಗೆ?"

ನಿಸರ್ಗಾಗೆ ಕನ್ನಡ ಆಡಲು ಬಾರದಿದ್ದರೂ ಕೇಳಿದರೆ ತಿಳಿಯುತ್ತದೆ. ಅವಳು ಕ್ಲೈವನ ಕಿವಿಯ ಹತ್ತಿರ ಬಗ್ಗಿ ಅಜ್ಜಿ ಏನಂದಳೆಂದು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು. ಕಂಬಳಿಯ ಕತೆಯನ್ನು ಶಿವರಾಮುವೇ ಸೇರಿಸಿದ. ಕ್ಲೈವನ ಮುಖದ ಒಂದು ಪಾಲು ನಕ್ಕಿತು, ಹೊಟ್ಟೆ ಪೂರ್ತಿ ಕುಲುಕಿತು.

ಎರಡನೆಯ ಲೋಟ ಬಗ್ಗಿಸಿ ಕ್ಲೈವನ ಮುಂದಿಟ್ಟು, ಶಿವರಾಮು ತನಗೂ ಒಂದು ಬಗ್ಗಿಸಿಕೊಂಡ. ಕುಡಿಯಲಿಲ್ಲ. ಅಡುಗೆಮನೆಯಿಂದ ಅವ್ವನನ್ನು ಕೈಹಿಡಿದು ಕರೆತಂದು, ಕುರ್ಚಿ ಎಳೆದು ಹಾಕಿ, ಲೋಟವನ್ನು ಆಕೆಯ ಮುಖದ ಹತ್ತಿರ ಹಿಡಿದ.

"ಇನ್ನೊಂದ್ಸಲ ಮೂಸು. ಏನೇನದೆ ಒಂದೊಂದಾಗಿ ಹೇಳು."

ತಾಯಮ್ಮ ಈ ಸಲ ಸೆರಗು ಎಳೆದುಕೊಳ್ಳಲಿಲ್ಲ. ಒದ್ದೆ ಕೈಯನ್ನು ಸೀರೆಗೆ ಒರೆಸಿ ಲೋಟ ಹಿಡಿದಳು. ಹಳೇ ಬೆಲ್ಲ ಅದೆ ಎಂದಳು. ಆಮೇಲೆ, ಬಾಳೆಹಣ್ಣು ಮಾಗಿದ್ ಕೋಣೆ ಹಂಗೆ. ಮತ್ತೆ ಮೂಸಿದಳು. ಹುಬ್ಬು ಗಂಟಾಯಿತು.

"ಇದ್ಯಾಕ್ಲಾ, ನಾನ್ ಮೊಳಕೆ ರಾಗಿ ಹುರುದ್ ಹಂಗದೆ?"

ಶಿವರಾಮು ಹೂಂ ಎಂದ. ಆಕೆಯ ಕೈಯಿಂದ ಲೋಟ ತೆಗೆದುಕೊಂಡು, ಆಕೆ ಹೇಳಿದ್ದನ್ನು ಒಂದೊಂದಾಗಿ ನೆನೆದುಕೊಂಡು, ಮೊದಲ ಗುಟುಕು ಕುಡಿದ.